ಕಡಲಾಚೆಯ ಅಂಗಿ

ಕಳೆದ ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಒಂದು ಸಂಜೆ, ಇಫ್ತಾರಿಗೆ ಇನ್ನೂ ಒಂದು ಗಂಟೆ ಇರುವಾಗ, ನಾವು ನಮ್ಮ ಬೀದಿಯ ದರ್ಜಿಯ ಅಂಗಡಿಯಲ್ಲಿ ಕುಳಿತಿದ್ದೆವು. ಹಬ್ಬದ ಹೊಲಿಗೆ ಮೊದಲಿನಂತಿಲ್ಲ ಎಂದು ದರ್ಜಿ ಗೊಣಗುತ್ತಿದ್ದರು. ಅಷ್ಟರಲ್ಲಿ ಕಾಲೇಜು ಓದುವ ಹುಡುಗನೊಬ್ಬ ಬಂದ. ಹೊಲಿಸಲಿಕ್ಕಲ್ಲ, ಅಳತೆಯ ಟೇಪು ಕೇಳಲಿಕ್ಕೆ. ತನ್ನದೊಂದು ಹಳೆಯ ಟೀ ಶರ್ಟನ್ನು ಕತ್ತರಿ ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿದ. ಕಂಕುಳಿಂದ ಕಂಕುಳಿಗೆ ಎಷ್ಟು, ಹೆಗಲಿನಿಂದ ಅಂಚಿನವರೆಗೆ ಎಷ್ಟು, ತೋಳು ಎಷ್ಟು ಎಂದು ಅಳೆದು ಸೆಂಟಿಮೀಟರಿನಲ್ಲಿ ಬರೆದುಕೊಂಡ. ಶಾರ್ಜಾದಲ್ಲಿ ಅಂಗಡಿ ಕೆಲಸಕ್ಕಿರುವ ಅಣ್ಣನಿಗೆ ಆ ಲೆಕ್ಕವನ್ನು ಅಲ್ಲಿಂದಲೇ ಕಳಿಸಿದ. ಅಣ್ಣ ಅದನ್ನು ನೋಡಿ ಚೀನಾದ ಮಾರಾಟಗಾರನಿಂದ ಅಂಗಿ ತರಿಸಬೇಕು, ಅದು ಊರಿಗೆ ಬರುವ ಯಾರದೋ ಸೂಟ್‌ಕೇಸಿನಲ್ಲಿ ಕುಳಿತು ಈದ್‌ಗೆ ಮೊದಲು ಇಲ್ಲಿಗೆ ತಲುಪಬೇಕು. ಹುಡುಗ ಹೋದ ಮೇಲೆ ದರ್ಜಿ ನಮ್ಮ ಕಡೆ ತಿರುಗಿ, "ಅಂಗಿ ಚೀನಾದ್ದು, ದುಡ್ಡು ಶಾರ್ಜಾದ್ದು, ಟೇಪು ಮಾತ್ರ ನನ್ನದು" ಎಂದರು.

ಅವನು ತರಿಸುತ್ತಿದ್ದುದು ತಲೆಗೆ ಟೊಪ್ಪಿ ಹೊಲಿದಿರುವ ಆ ದಪ್ಪ ಅಂಗಿ, ಹುಡುಗರು ಹೂಡಿ ಎನ್ನುವುದು. ನಮ್ಮ ಕರಾವಳಿಯ ಸೆಕೆಯಲ್ಲಿ ಅದನ್ನು ತೊಡುವುದೆಂದರೆ ಬೆವರಿನ ಸ್ನಾನವೇ ಸರಿ. ಮೊದಲ ಸಲ ಆ ಹೆಸರು ಕೇಳಿದಾಗ ಅವನ ಅಜ್ಜಿ, "ಯಾವ ಹುಡಿ ಮಗಾ, ಮೆಣಸಿನದ್ದಾ ಕೊತ್ತಂಬರಿದ್ದಾ?" ಎಂದು ಕೇಳಿದ್ದರಂತೆ. ಜುಮಾದ ದಿನ ಮಸೀದಿಯ ಅಂಗಳದಲ್ಲಿ ಹಿರಿಯರ ಮಾತು ಇಷ್ಟು ಹಗುರವಾಗಿರುವುದಿಲ್ಲ. ಮನೆಯಲ್ಲಿ ಅಕ್ಕಿಗೆ ಗತಿಯಿಲ್ಲ, ಮೈಮೇಲೆ ಮಾತ್ರ ವಿದೇಶದ ಅಂಗಿ ಎನ್ನುತ್ತಾರೆ. ಇಸ್ರಾಫ್, ಅಂದರೆ ದುಂದು, ಎಂಬ ಮಾತೂ ಬರುತ್ತದೆ. ಹಾಗೆ ಅನ್ನುವವರಲ್ಲಿ ಕೆಲವರು ಮೂವತ್ತೈದು ವರ್ಷದ ಹಿಂದೆ ಕುವೈತಿನಿಂದ ಬಂದ ಪಾಲಿಯೆಸ್ಟರ್ ಅಂಗಿ ತೊಟ್ಟು ಇದೇ ಅಂಗಳದಲ್ಲಿ ಎದೆ ಸೆಟೆಸಿ ನಿಂತವರು ಎಂಬುದು ನಮಗೆ ನೆನಪಿದೆ. ಅವರಿಗೆ ನೆನಪಿಲ್ಲ.

ಕಡಿಮೆ ದುಡ್ಡಿನವನು ಕಡಲಾಚೆಯಿಂದ ಬಟ್ಟೆ ತರಿಸಿ ಉಡುವುದು, ಅದನ್ನು ಕಂಡು ಊರಿನ ಕಣ್ಣು ಕೆಂಪಾಗುವುದು, ಕೊನೆಗೆ ಸರಕಾರ ನಡುವೆ ಬಂದು ಕಾನೂನು ಮಾಡುವುದು, ಇವು ಮೂರೂ ಜೊತೆಜೊತೆಗೆ ನಡೆದು ಬಂದಿರುವ ಕತೆ. ಅದು ಫೋನಿನ ಕಾಲದಲ್ಲಿ ಹುಟ್ಟಿದ್ದಲ್ಲ. ಅದರ ಒಂದು ದೊಡ್ಡ ಅಧ್ಯಾಯದಲ್ಲಂತೂ ಅಗ್ಗದ ಬಟ್ಟೆ ಮಾಡಿ ಮಾರಿದವರು ನಾವು, ಕೊಂಡು ಬೈಸಿಕೊಂಡವರು ಲಂಡನ್ನಿನ ಮನೆಗೆಲಸದ ಹೆಂಗಸರು.

ಇಸವಿ 1719ರ ಜೂನ್ ತಿಂಗಳು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬುದು ರೇಷ್ಮೆ ನೇಕಾರರ ಕೇರಿ. ಅಲ್ಲಿಯ ನೇಕಾರರು ಗುಂಪುಗುಂಪಾಗಿ ಬೀದಿಗಿಳಿದರು. ಅವರು ಹುಡುಕುತ್ತಿದ್ದುದು ಅಚ್ಚಿನ ಹತ್ತಿಬಟ್ಟೆ ತೊಟ್ಟ ಹೆಂಗಸರನ್ನು. ಕಂಡಲ್ಲಿ ಅವರನ್ನು ಅಡ್ಡಗಟ್ಟಿ ಮೈಮೇಲಿನ ಬಟ್ಟೆಯನ್ನು ಹರಿದರು, ಶಾಯಿ ಎರಚಿದರು, ಆಮ್ಲವನ್ನೂ ಎರಚಿದರು. ಅಂಥ ಬಟ್ಟೆ ತೊಟ್ಟವಳಿಗೆ 'ಕ್ಯಾಲಿಕೊ ಮೇಡಂ' ಎಂಬ ಬಿರುದು ಬೇರೆ. ಕ್ಯಾಲಿಕೊ ಎಂದರೆ ಕಲ್ಲಿಕೋಟೆ. ಮೊದಲು ಹತ್ತಿಬಟ್ಟೆ ಕೊಂಡುಹೋದ ಹಡಗುಗಳು ನಮ್ಮ ನೆರೆಯ ಆ ರೇವಿನ ಹೆಸರನ್ನೇ ಬಟ್ಟೆಗೂ ಅಂಟಿಸಿದ್ದವು. ಆಮೇಲೆ ಬಟ್ಟೆ ಹೆಚ್ಚಾಗಿ ಹೋದದ್ದು ಗುಜರಾತಿನಿಂದ, ಕೋರಮಂಡಲ ತೀರದಿಂದ, ಬಂಗಾಳದಿಂದ. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದರಲ್ಲ, ಉರ್ದುವಿನಲ್ಲಿ ಛೀಂಟ್, ಅದೇ ಇಂಗ್ಲಿಷರ ಬಾಯಲ್ಲಿ ಚಿಂಟ್ಸ್ ಆಯಿತು.

ಆ ಬಟ್ಟೆಯಲ್ಲಿ ಅಂಥದ್ದೇನಿತ್ತು? ಇಂಗ್ಲೆಂಡಿನ ಬಡವರು ಅಲ್ಲಿಯವರೆಗೆ ಉಡುತ್ತಿದ್ದುದು ಮುಖ್ಯವಾಗಿ ಉಣ್ಣೆ. ಉಣ್ಣೆ ಭಾರ, ಒಗೆಯುವುದು ಕಷ್ಟ, ಅದರ ಮೇಲೆ ಹೂಬಳ್ಳಿ ಬೇಕೆಂದರೆ ಕಸೂತಿಗೋ ರೇಷ್ಮೆಗೋ ದುಡ್ಡು ಸುರಿಯಬೇಕು. ನಮ್ಮವರಿಗೆ ಸ್ಫಟಿಕದ ನೀರಿನಲ್ಲಿ ಬಟ್ಟೆಯನ್ನು ಹದಮಾಡಿ ಬಣ್ಣ ಕಚ್ಚಿಸುವ ವಿದ್ಯೆ ಗೊತ್ತಿತ್ತು. ಎಷ್ಟು ಒಗೆದರೂ ಕೆಂಪು ಕೆಂಪಾಗಿಯೇ, ನೀಲಿ ನೀಲಿಯಾಗಿಯೇ ಉಳಿಯುತ್ತಿತ್ತು. ಹಗುರ, ಅಗ್ಗ, ಒಗೆಯಬಹುದು, ಹೂಬಳ್ಳಿಯೂ ಉಂಟು. ಮನೆಗೆಲಸದವಳು ಭಾನುವಾರ ಅದನ್ನು ತೊಟ್ಟು ಹೊರಟರೆ ದೂರದಿಂದ ಯಜಮಾನಿಗೂ ಅವಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನೇಕಾರರ ಹೊಟ್ಟೆಪಾಡಿನ ಸಿಟ್ಟು ನ್ಯಾಯದ್ದೇ. ಆದರೆ ಮೇಲಿನವರ ಕಣ್ಣಿಗೆ ಚುಚ್ಚಿದ್ದು ಈ ಎರಡನೆಯ ಸಂಗತಿ. ರಾಬಿನ್‌ಸನ್ ಕ್ರೂಸೋ ಬರೆದ ಡೇನಿಯಲ್ ಡಿಫೋ ಕೂಡ ನೇಕಾರರ ಪರವಾಗಿ ಲೇಖನಿ ಹಿಡಿದು ಈ ಬಟ್ಟೆಯ ವಿರುದ್ಧ ಬರೆದವನು. ಕಾಲುಹಾಸಾಗಿದ್ದ, ಹೊದಿಕೆಯಾಗಿದ್ದ ಚೀಟಿ ಬಟ್ಟೆ ಹೆಂಗಸರ ಮೈಯೇರಿತಲ್ಲ ಎಂಬುದು ಅವನ ಕೊರಗು.

ಮಾರಾಟಗಾರ ಈಸ್ಟ್ ಇಂಡಿಯಾ ಕಂಪನಿ. ಇಂದಿನ ಮಾರಾಟಗಾರರು ಗಿರಾಕಿಯ ರುಚಿ ನೋಡಿ ಅಂಗಿ ಹೊಲಿಸುವುದನ್ನು ಕಂಡು ಬೆರಗಾಗುವವರು ಇದನ್ನು ಕೇಳಬೇಕು. ಹದಿನೇಳನೇ ಶತಮಾನದಲ್ಲೇ ಕಂಪನಿಯವರು ಲಂಡನ್ನಿನಿಂದ ಇಲ್ಲಿಗೆ ಕಾಗದ ಬರೆದು, ಕೆಂಪು ನೆಲದ ಮೇಲೆ ಚಿತ್ರ ಬೇಡ, ನಮ್ಮವರಿಗೆ ಬಿಳಿ ನೆಲ ಬೇಕು ಎಂದು ಹೇಳಿ ಕಳಿಸುತ್ತಿದ್ದರು. ಹಾಗೆ ಬಿಳಿ ನೆಲದ ಮೇಲೆ ಯಾರೂ ಕಂಡಿರದ ಹೂಗಳನ್ನು ಬರೆದ ಕೈಗಳಲ್ಲಿ ನಮ್ಮ ಮುಸ್ಲಿಮ್ ನೇಕಾರರದೂ ಬಣ್ಣಗಾರರದೂ ಇದ್ದವು. ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಇದೇ ಹತ್ತಿಬಟ್ಟೆಯನ್ನು ಆಫ್ರಿಕಾದ ಪಶ್ಚಿಮ ತೀರದಲ್ಲಿ ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಬಟ್ಟೆ ನೇಯ್ದವನಿಗೆ ಅದರ ಸುಳಿವೂ ಇದ್ದಿರಲಾರದು.

ಕಾನೂನು ಎರಡು ಕಂತಿನಲ್ಲಿ ಬಂತು. 1700ರಲ್ಲಿ ಭಾರತ, ಪರ್ಶಿಯಾ, ಚೀನಾಗಳ ಅಚ್ಚಿನ ಬಟ್ಟೆಯ ಆಮದಿಗೆ ತಡೆ ಬಿತ್ತು. ಅದು ಸಾಲದಾಗಿ 1721ರಲ್ಲಿ ಅಂಥ ಬಟ್ಟೆಯನ್ನು ಉಡುವುದೇ ಅಪರಾಧವಾಯಿತು. ಮಾರಿದವನಿಗೆ 20 ಪೌಂಡು ದಂಡ, ಉಟ್ಟವಳಿಗೆ 5 ಪೌಂಡು. ಮನೆಗೆಲಸದ ಹೆಣ್ಣಿಗೆ 5 ಪೌಂಡು ಎಂದರೆ ಒಂದು ವರ್ಷದ ಸಂಬಳದ ಹತ್ತಿರದ ಮಾತು. ಫ್ರಾನ್ಸಿನಲ್ಲಿ 1686ರಿಂದ 1759ರವರೆಗೂ ಇಂಥದೇ ನಿಷೇಧವಿತ್ತು, ಅಲ್ಲೂ ಜನ ಕದ್ದು ತರಿಸಿ ಉಟ್ಟರು. ಇಂಗ್ಲೆಂಡಿನ ಕಾನೂನಿನಲ್ಲಿ ಒಂದು ಸ್ವಾರಸ್ಯದ ರಿಯಾಯಿತಿ ಇತ್ತು. ಪೂರ್ತಿ ನೀಲಿ ಬಣ್ಣದ ಬಟ್ಟೆಗೆ ಅಡ್ಡಿಯಿರಲಿಲ್ಲ. ನೀಲಿ ಎಂದರೆ ದುಡಿಯುವವರ ಬಣ್ಣ. ಮುಂಬಯಿಯ ಡೊಂಗ್ರಿಯ ಹೆಸರಿನ ದಪ್ಪ ಒರಟು ಬಟ್ಟೆ ಇಂಗ್ಲಿಷಿನಲ್ಲಿ ಡಂಗರೀ ಆಗಿ ಹಡಗಿನ ಖಲಾಸಿಗಳ ಮೈಮೇಲೆ ಲೋಕ ಸುತ್ತಿತು. ಆಮೇಲೆ 1873ರಲ್ಲಿ ಅಮೆರಿಕದ ಜೇಕಬ್ ಡೇವಿಸ್ ಎಂಬ ದರ್ಜಿ, ಕೂಲಿಯವರ ಚಲ್ಲಣದ ಜೇಬು ಹರಿಯದಂತೆ ತಾಮ್ರದ ಗುಬ್ಬಿ ಹೊಡೆಯುವ ಉಪಾಯಕ್ಕೆ, ತನಗೆ ಬಟ್ಟೆ ಪೂರೈಸುತ್ತಿದ್ದ ಲೆವಿ ಸ್ಟ್ರಾಸ್‌ನ ಜೊತೆ ಸೇರಿ ಹಕ್ಕುಪತ್ರ ಪಡೆದ. ಇಂದು ಬೀದಿಯ ಹುಡುಗರ ಉಡುಪು ಎನಿಸಿಕೊಳ್ಳುವ ಜೀನ್ಸಿನ ಹಿಂದೆ ಹೀಗೆ ಖಲಾಸಿ, ಕೂಲಿ, ದರ್ಜಿ ಎಲ್ಲರೂ ಇದ್ದಾರೆ.

ನಿಷೇಧದ ಬೇಲಿಯೊಳಗೆ ಇಂಗ್ಲೆಂಡು ತಾನೇ ಹತ್ತಿಬಟ್ಟೆ ಮಾಡಲು ಕಲಿಯಿತು. ಯಂತ್ರಗಳು ಬಂದವು, 1774ರಲ್ಲಿ ಕಾನೂನೂ ಹೋಯಿತು. ಮುಂದಿನ ಶತಮಾನದಲ್ಲಿ ಹಡಗುಗಳು ತಿರುಗಿ ಬಂದವು, ಈ ಸಲ ಲ್ಯಾಂಕಾಶೈರಿನ ಬಟ್ಟೆ ತುಂಬಿಕೊಂಡು. ಆ ಕತೆಯನ್ನು ಶಾಲೆಯ ಪುಸ್ತಕಗಳಲ್ಲಿ ಎಲ್ಲರೂ ಓದಿದ್ದೇವೆ. ಉತ್ತರದ ಮೋಮಿನ್ ನೇಕಾರರು ಮಗ್ಗ ಬಿಟ್ಟು ಗುಳೆ ಹೋದರು, ಮಾಲೆಗಾಂವ್, ಭಿವಂಡಿಗಳು ಹಾಗೆ ಬಂದವರಿಂದ ತುಂಬಿದವು. ಪುಸ್ತಕಗಳು ಅಷ್ಟಾಗಿ ಹೇಳದ ಇನ್ನೊಂದು ಮಗ್ಗುಲಿದೆ. ಮಗ್ಗ ಕಳೆದುಕೊಂಡವನ ನೆರೆಯ ಗೇಣಿದಾರನೇ ಮ್ಯಾಂಚೆಸ್ಟರಿನ ಅಗ್ಗದ ಧೋತರ ಕೊಂಡ. ಅವನ ಕೈಯಲ್ಲಿದ್ದ ಕಾಸಿಗೆ ಸಿಗುತ್ತಿದ್ದುದು ಅದೇ.

1905ರಲ್ಲಿ ಬಂಗಾಳದ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ಎದ್ದಾಗ ಈ ಗಂಟು ಬಿಗಿಯಿತು. ವಿದೇಶಿ ಬಟ್ಟೆ ಬಿಡಿ ಎಂದವರು ಬಹುಮಟ್ಟಿಗೆ ಜಮೀನ್ದಾರರ, ವಕೀಲರ ಮನೆಯವರು. ಬಿಡಬೇಕಾದವರಲ್ಲಿ ಪೂರ್ವ ಬಂಗಾಳದ ಮುಸ್ಲಿಮ್ ರೈತರು, ಸಂತೆಯಲ್ಲಿ ಗಂಟು ಬಿಚ್ಚಿ ಮಾರುವ ಬಡ ವ್ಯಾಪಾರಿಗಳು ಬಹಳ ಮಂದಿ ಇದ್ದರು. ದೇಶಿ ಬಟ್ಟೆ ದುಬಾರಿ, ಸಾಕಷ್ಟು ಸಿಗುತ್ತಲೂ ಇರಲಿಲ್ಲ. ಸಂತೆಗಳಲ್ಲಿ ಒತ್ತಾಯ ನಡೆಯಿತು, 1907ರಲ್ಲಿ ಮೈಮನ್‌ಸಿಂಗ್ ಜಿಲ್ಲೆಯ ಜಮಾಲ್‌ಪುರದಲ್ಲಿ ಗಲಭೆಯೇ ಆಯಿತು. ಅದರಲ್ಲಿ ಬೇರೆ ಕಾರಣಗಳೂ ಸೇರಿದ್ದವು, ಬಟ್ಟೆಯೊಂದನ್ನೇ ಹೊಣೆ ಮಾಡುವಂತಿಲ್ಲ. ಆದರೆ ರವೀಂದ್ರನಾಥ ಠಾಕೂರರು ಇದನ್ನು ಹತ್ತಿರದಿಂದ ಕಂಡು ನೊಂದು ದೂರ ಸರಿದರು. 1916ರ ಅವರ 'ಘರೇ ಬೈರೇ' ಕಾದಂಬರಿಯಲ್ಲಿ ಪಂಚು ಎಂಬ ಬಡ ವ್ಯಾಪಾರಿಯ ವಿದೇಶಿ ಬಟ್ಟೆಯನ್ನು ಸುಡಿಸುವ ಪ್ರಸಂಗ ಬರುತ್ತದೆ. ಕತೆ ಬರೆಯುವವರಾಗಿ ನಮಗೆ ಅಲ್ಲಿಯ ನಾಯಕ ನಾಯಕಿಯರಿಗಿಂತ ಆ ಪಂಚುವೇ ಹೆಚ್ಚು ಕಾಡಿದ್ದಾನೆ.

1921ರ ಜುಲೈ 31ರಂದು ಮುಂಬಯಿಯ ಪರೇಲಿನಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ದೊಡ್ಡ ರಾಶಿಗೆ ಬೆಂಕಿಯಿಟ್ಟರು. ಆ ಜಾಗ ಖಿಲಾಫತ್ ಚಳವಳಿಯ ಉಮರ್ ಸೋಬಾನಿಯವರ ಗಿರಣಿಯ ಆವರಣ. ಮೈಮೇಲೆ ಬಟ್ಟೆಯಿಲ್ಲದವರ ದೇಶದಲ್ಲಿ ಬಟ್ಟೆ ಸುಡುವುದೇ ಎಂದು ಠಾಕೂರರು ಆಗಲೂ ಕೇಳಿದರು. ಖಿಲಾಫತ್‌ನವರು, ಸುಡುವುದರ ಬದಲು ಯುದ್ಧದಲ್ಲಿ ನೊಂದ ತುರ್ಕಿಯ ಸ್ಮರ್ನಾದ ಜನರಿಗೆ ಕಳಿಸುತ್ತೇವೆ ಎಂದಾಗ ಗಾಂಧೀಜಿ ಒಪ್ಪಿದರು. ಅದಕ್ಕಾಗಿ ಅವರು ಟೀಕೆಯನ್ನೂ ಕೇಳಬೇಕಾಯಿತು. ಖಾದಿಯ ಬಗ್ಗೆ ನಮಗೆ ಗೌರವವಿದೆ. ಆದರೂ ಒಂದೇ ಅಂಗಿಯಿದ್ದವನು ಅದನ್ನು ಬೆಂಕಿಗೆ ಹಾಕುವುದಕ್ಕೂ, ಕಪಾಟು ತುಂಬಿದವನು ನಾಲ್ಕು ಹಾಕುವುದಕ್ಕೂ ಒಂದೇ ಹೆಸರು ಕೊಡಲು ಮನಸ್ಸು ಒಪ್ಪುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಬೆಂಕಿಯ ಕೆಲಸವನ್ನು ಲೈಸೆನ್ಸು ಮಾಡಿತು. ವಿದೇಶಿ ವಿನಿಮಯ ಕಡಿಮೆ, ಯಂತ್ರ ಬೇಕು, ಧಾನ್ಯ ಬೇಕು. ಸಿದ್ಧ ಉಡುಪನ್ನು ಹೊರಗಿನಿಂದ ತರಿಸಲು ಸಾಮಾನ್ಯರಿಗೆ ದಾರಿಯೇ ಇರಲಿಲ್ಲ. ಬರ್ಮಾದಿಂದ ಉಟ್ಟಬಟ್ಟೆಯಲ್ಲಿ ಮರಳಿ ಬಂದ ತಮಿಳರು 1969ರಲ್ಲಿ ಮದರಾಸಿನ ಬೀಚ್ ರಸ್ತೆಯಲ್ಲಿ ಬರ್ಮಾ ಬಜಾರ್ ತೆರೆದರು. ಅಲ್ಲಿ ಫಾರಿನ್ ಸಾಮಾನು ಸಿಗುತ್ತದೆ ಎಂಬ ಸುದ್ದಿ ಊರೂರಿಗೆ ಹಬ್ಬಿತು. ನಮ್ಮ ಕಡೆಗೆ ಆ ಸಾಮಾನು ಬಂದದ್ದು ಇನ್ನೊಂದು ದಾರಿಯಿಂದ. 1973ರ ನಂತರ ಎಣ್ಣೆಯ ಬೆಲೆ ಏರಿ ಗಲ್ಫ್ ದೇಶಗಳಲ್ಲಿ ಕಟ್ಟಡಗಳೆದ್ದವು, ಕರಾವಳಿಯ ಮನೆಮನೆಯಿಂದ ಹುಡುಗರು ಹೊರಟರು.

ಸೂಟ್‌ಕೇಸು ಬಿಚ್ಚುವ ಗಳಿಗೆ. ಎಂಬತ್ತರ ದಶಕದ ಕೊನೆಯಲ್ಲಿ ನಾವು ಚಿಕ್ಕವರು. ಆಗ ಮಂಗಳೂರಿಗೆ ವಿದೇಶದ ವಿಮಾನ ಇರಲಿಲ್ಲ, ಅದು ಬಂದದ್ದು 2006ರಲ್ಲಿ. ದುಬೈಯಿಂದ ಬಂದವರು ಮುಂಬಯಿಯಲ್ಲಿ ಇಳಿದು, ಕಸ್ಟಮ್ಸಿನವರ ಮೇಜಿನ ಮುಂದೆ ಪೆಟ್ಟಿಗೆ ಬಿಚ್ಚಿ, ಕೇಳಿದ್ದಕ್ಕೆ ಉತ್ತರ ಕೊಟ್ಟು, ಹಗ್ಗ ಬಿಗಿದು, ರಾತ್ರಿ ಬಸ್ಸಿನಲ್ಲಿ ಊರಿಗೆ ಬರಬೇಕು. ಮನೆಯ ಚಾವಡಿಯಲ್ಲಿ ನೆರೆಕರೆಯವರೆಲ್ಲ ಸೇರಿದ ಮೇಲೆ ಬೀಗ ತೆಗೆಯುವುದು. ಮೊದಲು ಹೊರಗೆ ಬರುತ್ತಿದ್ದುದು ವಾಸನೆ. ಸಾಬೂನು, ಅತ್ತರು, ಹೊಸ ಬಟ್ಟೆಯ ಗಂಜಿ ಎಲ್ಲ ಕಲೆತ ಆ ವಾಸನೆಗೆ ನಾವು ಗಲ್ಫ್ ವಾಸನೆ ಎಂದೇ ಹೆಸರಿಟ್ಟಿದ್ದೆವು. ಆಮೇಲೆ ಪಟ್ಟಿ ಹಿಡಿದಂತೆ ಹಂಚಿಕೆ. ಮಾವನಿಗೆ ಬಿಳಿ ಬಟ್ಟೆಯ ತುಂಡು, ಹೆಂಗಸರಿಗೆ ಹೊಳೆಯುವ ನೈಲಾನ್, ನಮಗೆ ಎದೆಯ ಮೇಲೆ ಇಂಗ್ಲಿಷ್ ಅಕ್ಷರವಿರುವ ಬನಿಯನ್ ಅಂಗಿ. ಆ ಅಕ್ಷರಗಳ ಅರ್ಥ ಕೊಟ್ಟವರಿಗೂ ಗೊತ್ತಿರಲಿಲ್ಲ, ತೊಟ್ಟವರಿಗೂ ಗೊತ್ತಿರಲಿಲ್ಲ. ಕತ್ತಿನ ಹಿಂದಿನ ಚೀಟಿಯನ್ನು ಮಾತ್ರ ಯಾರೂ ಕೀಳುತ್ತಿರಲಿಲ್ಲ. ಕೊರಿಯಾ, ತೈವಾನ್, ಜಪಾನ್ ಎಂಬ ಹೆಸರುಗಳನ್ನು ನಾವು ಭೂಪಟದಲ್ಲಿ ನೋಡುವ ಮೊದಲು ಅಂಗಿಯ ಕತ್ತಿನಲ್ಲಿ ಓದಿದೆವು. ಅರಬರು ತೊಡುವ ನಿಲುವಂಗಿಯ ಆ ಹೆಸರುವಾಸಿ ಬಿಳಿ ಬಟ್ಟೆ ಕೂಡ ಜಪಾನಿನ ಟೊಯೊಬೊ ಗಿರಣಿಯದು ಎಂದು ತಿಳಿದಾಗ ನಮ್ಮ ಉಸ್ತಾದರೊಬ್ಬರಿಗೆ ಬಹಳ ನಿರಾಶೆಯಾಗಿತ್ತು.

ಅದು ಅಗ್ಗದ ಬಟ್ಟೆ ಎಂದು ನಮಗೆ ಆಗ ಗೊತ್ತಿರಲಿಲ್ಲ. ದೇರಾದ ಗಲ್ಲಿಗಳಲ್ಲಿ ಒಂದೇ ದರದ ರಾಶಿಯಿಂದ ಹೆಕ್ಕಿ, ಚೌಕಾಸಿ ಮಾಡಿ, ಒಂದೊಂದು ದಿರಮನ್ನೂ ಎಣಿಸಿ ಕೊಂಡದ್ದು. ಕೊಂಡವನು ಎಂಟು ಜನ ಮಲಗುವ ಕೋಣೆಯಲ್ಲಿ ಮೇಲಿನ ಮಂಚದವನು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವನಿಗೆ ಮೂವತ್ತು ಜನರ ಪಟ್ಟಿ ಇರುತ್ತಿತ್ತು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಮದುವೆಮನೆಯಲ್ಲಿ ಮಾತು ಬಿಡುವವರಿದ್ದರು. ಹಂಚಿ ಉಳಿದದ್ದನ್ನು, ಕೆಲವೊಮ್ಮೆ ಹಂಚುವ ಮೊದಲೇ, ಅಂಗಡಿಗೆ ಕೊಟ್ಟು ವಿಮಾನದ ಟಿಕೇಟಿನ ಸಾಲ ತೀರಿಸುತ್ತಿದ್ದರು. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳಿಗೆ ದೂರದೂರದಿಂದ ಗಿರಾಕಿಗಳು ಬರುತ್ತಿದ್ದರು. ಹಾಗೆ ಬಂದವರಲ್ಲಿ ಎಲ್ಲ ಜಾತಿ ಮತದವರೂ ಇದ್ದರು. ಅಂಗಿ ಕೊಳ್ಳುವಾಗ ನಕ್ಕು ಮಾತಾಡಿಸಿದವರೇ ಮರುದಿನ ಆ ಊರನ್ನು ಕಳ್ಳಸಾಮಾನಿನ ಊರು ಎಂದು ಹೀಯಾಳಿಸಿದ್ದನ್ನೂ ನಾವು ಬಸ್ಸಿನಲ್ಲಿ ಕುಳಿತು ಕೇಳಿದ್ದೇವೆ.

ಬಟ್ಟೆಯನ್ನು ಗಡಿಯಲ್ಲಿ ತಡೆಯುವ ನಮ್ಮ ಕಾನೂನಿನ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಶ್ರೀಮಂತ ದೇಶಗಳಲ್ಲಿ ತೊಟ್ಟು ಬಿಟ್ಟ ಉಣ್ಣೆಯ ಕೋಟುಗಳು ರಾಶಿ ರಾಶಿಯಾಗಿ ಪಾಣಿಪತ್ತಿಗೆ ಬರುತ್ತವೆ. ಆದರೆ ಅವನ್ನು ಯಾರೂ ತೊಡಬಾರದು, ಚಿಂದಿ ಎಂಬ ಹೆಸರಿನಲ್ಲಿ ಬರಬೇಕಾದರೆ ಮೊದಲೇ ಕತ್ತರಿ ಹಾಕಿ ಹರಿದಿರಬೇಕು. ಒಳ್ಳೆಯ ಕೋಟಿಗೆ ಬೆನ್ನುದ್ದಕ್ಕೆ ಸೀಳು. ಆಮೇಲೆ ಅದನ್ನು ಬಿಡಿಬಿಡಿಯಾಗಿ ಎಳೆದು ನೂಲು ಮಾಡಿ ಅಗ್ಗದ ಕಂಬಳಿ ನೇಯುತ್ತಾರೆ. ಇಲ್ಲಿಯ ಹೊಲಿಗೆಯವರ ಕೆಲಸ ಉಳಿಯಲಿ ಎಂಬ ಉದ್ದೇಶ ಸರಿಯೇ ಇರಬಹುದು. ಆದರೂ ಸ್ಪಿಟಲ್‌ಫೀಲ್ಡ್ಸಿನ ಬೀದಿ ನೆನಪಾಗದೆ ಇರುವುದಿಲ್ಲ.

2001ರ ಏಪ್ರಿಲ್ 1ರಂದು ಆಮದಿನ ಮೇಲಿದ್ದ ಪ್ರಮಾಣದ ನಿರ್ಬಂಧಗಳಲ್ಲಿ ಉಳಿದಿದ್ದ 715 ಬಾಬತ್ತುಗಳನ್ನೂ ಸರಕಾರ ಕೈಬಿಟ್ಟಿತು. 2005ರ ಆರಂಭಕ್ಕೆ ಲೋಕದ ಬಟ್ಟೆ ವ್ಯಾಪಾರದ ಕೋಟಾ ಪದ್ಧತಿಯೂ ಮುಗಿಯಿತು. ಚೀನಾದ ಗಿರಣಿಗಳಿಗೆ ಬಾಗಿಲು ತೆರೆಯಿತು. ದುಬೈಯಲ್ಲಿ 2004ರಲ್ಲೇ ಡ್ರ್ಯಾಗನ್ ಮಾರ್ಟ್ ಎಂಬ ಮೈಲುದ್ದದ ಚೀನೀ ಸಂತೆ ಎದ್ದಿತ್ತು. ನಮ್ಮವರಲ್ಲಿ ಚುರುಕಿನವರು ದುಬೈಯನ್ನು ದಾಟಿ ಚೀನಾದ ಯಿವು ಪಟ್ಟಣಕ್ಕೇ ಹೋದರು. ಅಲ್ಲಿಯ ಸಗಟು ಮಾರುಕಟ್ಟೆಗೆ ಬರುವ ಅರಬರು, ಭಾರತೀಯರು, ಆಫ್ರಿಕನ್ನರು ಎಷ್ಟೆಂದರೆ ಶುಕ್ರವಾರ ಅಲ್ಲಿಯ ದೊಡ್ಡ ಮಸೀದಿ ತುಂಬಿ ತುಳುಕುತ್ತದೆ. ಸೂಟ್‌ಕೇಸಿನ ಮಾಲು ಕಂಟೇನರಿನ ಮಾಲಾಯಿತು. ಊರಿನ ಸಂತೆಯಲ್ಲೇ ಫಾರಿನ್ ಅಂಗಿ ಸಿಗುವಂತಾದ ದಿನ ಫಾರಿನ್ ಎಂಬ ಮಾತಿನ ಮಿನುಗೂ ಹೋಯಿತು.

ಆಮೇಲೆ ಫೋನು. ಮಧ್ಯದವನೇ ಇಲ್ಲ, ಮಾರುವವನೂ ಕೊಳ್ಳುವವನೂ ನೇರ ಎಂದರು. ನಾವೂ 2017ರಲ್ಲಿ ಒಂದು ಜಾಕೆಟಿಗೆ ದುಡ್ಡು ಕಟ್ಟಿದೆವು. ಅಳತೆ ನೋಡುವುದು ನಮಗೇನು ಗೊತ್ತು, ಇಲ್ಲಿ ತೊಡುವಂತೆ ಅಲ್ಲಿಯೂ ಎಕ್ಸೆಲ್ ಎಂದು ಒತ್ತಿದೆವು. ನಲವತ್ತೊಂದನೆಯ ದಿನ ಅಂಚೆಯಣ್ಣ ತಂದುಕೊಟ್ಟ ಪೊಟ್ಟಣದಲ್ಲಿ ಇದ್ದುದು ನಮ್ಮ ತಂಗಿಯ ಮಗನಿಗೆ, ಹನ್ನೆರಡು ವರ್ಷದವನಿಗೆ, ಸರಿಯಾಗಿ ಕೂರುವ ಜಾಕೆಟು. ವಾಪಸು ಕಳಿಸುವ ಅಂಚೆ ಖರ್ಚು ಜಾಕೆಟಿನ ಬೆಲೆಗಿಂತ ಹೆಚ್ಚು. ಹುಡುಗ ಖುಷಿಯಾದ. ಚೀನಾದ ಅಕ್ಷರಕ್ಕೂ ನಮ್ಮ ಅಕ್ಷರಕ್ಕೂ ಒಂದೆರಡು ಅಳತೆಯ ಅಂತರವಿರುತ್ತದೆ, ಅಕ್ಷರ ನಂಬಬೇಡಿ, ಮೈಗೆ ಕೂರುವ ಒಂದು ಅಂಗಿಯನ್ನು ನೆಲಕ್ಕೆ ಹಾಸಿ ಅಳೆದು ಮಾರುವವನ ಪಟ್ಟಿಯ ಜೊತೆ ಹೋಲಿಸಿ ಎಂದು ಆಮೇಲೆ ನಮಗೆ ಕಲಿಸಿದವನೂ ಅವನೇ. ಹುಡುಗರು ಹತ್ತಾರು ಬಗೆಯ ಲೆಕ್ಕ ಹಾಕುತ್ತಾರೆ. ನಾಲ್ವರು ಸೇರಿ ಒಂದೇ ಪೊಟ್ಟಣದಲ್ಲಿ ತರಿಸಿ ಸಾಗಣೆ ಖರ್ಚು ಹಂಚಿಕೊಳ್ಳುವುದು, ಮಾರುವವನ ಚಿತ್ರ ಬಿಟ್ಟು ಕೊಂಡವರು ಹಾಕಿದ ಚಿತ್ರ ನೋಡುವುದು, ಬಟ್ಟೆಯ ತೂಕ ಎಷ್ಟು ಗ್ರಾಂ ಎಂದು ಕೇಳುವುದು, ಅಂಗಿಯ ಬೆಲೆಗೆ ಸಾಗಣೆ, ಸುಂಕ, ತೆರಿಗೆ ಸೇರಿಸಿದ ಮೇಲೆಯೇ ಅಗ್ಗವೋ ಅಲ್ಲವೋ ಹೇಳುವುದು. ನಮ್ಮ ಕಾಲದ ದೇರಾದ ಚೌಕಾಸಿಗೂ ಇದಕ್ಕೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ.

ನಕಲಿ ಮಾಲಿನ ಮಾತು ಬೇರೆ. ದೊಡ್ಡ ಕಂಪನಿಯ ಗುರುತನ್ನು ಕದ್ದು ಹಾಕಿ ಅಸಲಿ ಎಂದು ಮಾರುವುದು ಮೋಸವೇ, ಅದಕ್ಕೆ ಫತ್ವಾ ಬೇಕಿಲ್ಲ. ಆದರೆ ಬೀದಿಯ ಉಡುಪಿನ ಇತಿಹಾಸದಲ್ಲಿ ಕದ್ದವರು ಯಾರು ಎಂಬುದು ಅಷ್ಟು ಸರಳವಲ್ಲ. ನ್ಯೂಯಾರ್ಕಿನ ಕರಿಯರ ಕೇರಿ ಹಾರ್ಲೆಮ್‌ನಲ್ಲಿ ಡ್ಯಾಪರ್ ಡ್ಯಾನ್ ಎಂದು ಹೆಸರಾದ ಡೇನಿಯಲ್ ಡೇ 1982ರಲ್ಲಿ ಅಂಗಡಿ ತೆರೆದು, ಶ್ರೀಮಂತ ಕಂಪನಿಗಳ ಚಿಹ್ನೆಗಳನ್ನು ಚರ್ಮದ ಮೇಲೆ ಅಚ್ಚೊತ್ತಿ, ಆ ಕಂಪನಿಗಳು ಕನಸಿನಲ್ಲೂ ಕಾಣದ ಜಾಕೆಟುಗಳನ್ನು ಹೊಲಿದುಕೊಟ್ಟ. ವಕೀಲರು ದಾಳಿ ಮಾಡಿದರು, 1992ರಲ್ಲಿ ಅಂಗಡಿ ಮುಚ್ಚಿತು. 2017ರಲ್ಲಿ ಇಟಲಿಯ ಗುಚ್ಚಿ ಕಂಪನಿ ಅವನ ಹಳೆಯ ಜಾಕೆಟಿನಂಥದೇ ಜಾಕೆಟನ್ನು ತನ್ನ ಪ್ರದರ್ಶನದಲ್ಲಿ ತೋರಿಸಿತು. ಜನ ನಕ್ಕ ಮೇಲೆ ಅವನ ಜೊತೆ ಒಪ್ಪಂದ ಮಾಡಿಕೊಂಡಿತು.

ನಮ್ಮಲ್ಲಿ ಕಾನೂನು ಮತ್ತೆ ಬಂತು. ಮಾರುವವರು ಪೊಟ್ಟಣದ ಮೇಲೆ 'ಉಡುಗೊರೆ' ಎಂದು ಬರೆದು ಸುಂಕ ತಪ್ಪಿಸುತ್ತಿದ್ದಾರೆಂದು 2019ರ ಡಿಸೆಂಬರಿನಲ್ಲಿ ಅಂಚೆ, ಕೊರಿಯರ್ ಮೂಲಕ ಉಡುಗೊರೆ ತರಿಸುವುದನ್ನೇ ನಿಲ್ಲಿಸಿದರು. ಜೀವ ಉಳಿಸುವ ಔಷಧ ಮತ್ತು ರಾಖಿಗೆ ಮಾತ್ರ ರಿಯಾಯಿತಿ. ಗಲ್ವಾನ್ ಘರ್ಷಣೆಯ ಬೆನ್ನಿಗೇ 2020ರ ಜೂನ್ ಕೊನೆಯಲ್ಲಿ 59 ಚೀನೀ ಆಪ್‌ಗಳು ನಿಷೇಧಗೊಂಡಾಗ ಬಟ್ಟೆ ಮಾರುವ ಶೀಇನ್, ಕ್ಲಬ್ ಫ್ಯಾಕ್ಟರಿಗಳೂ ಹೋದವು, ನವೆಂಬರಿನಲ್ಲಿ ಅಲಿ ಎಕ್ಸ್‌ಪ್ರೆಸ್ ಕೂಡ. ಶೀಇನ್ 2025ರ ಫೆಬ್ರವರಿಯಲ್ಲಿ ರಿಲಯನ್ಸಿನ ಕೈಹಿಡಿದು, ಇಲ್ಲೇ ಹೊಲಿದ ಬಟ್ಟೆಯೊಂದಿಗೆ ಮರಳಿತು. ಅದೇ ವರ್ಷ ಅಮೆರಿಕವೂ 800 ಡಾಲರ್‌ಗಿಂತ ಕಡಿಮೆ ಬೆಲೆಯ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು ಮೇ ತಿಂಗಳಲ್ಲಿ ಚೀನಾದ ಮಾಲಿಗೆ, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೆ ತೆಗೆದುಹಾಕಿತು. ಅಲ್ಲಿಯ ಬಡ ಹುಡುಗಿ ತರಿಸುವ ಅಂಗಿಯ ಮೇಲೆ ಮೂನ್ನೂರು ವರ್ಷಗಳ ನಂತರ ಮತ್ತೆ ಸರಕಾರದ ಕಣ್ಣು.

ಅಗ್ಗದ ಅಂಗಿಯನ್ನು ಸಮರ್ಥಿಸಿ ಇಷ್ಟು ಬರೆದ ಮೇಲೆ ಸೂಜಿಯ ಆಚೆ ತುದಿಯನ್ನು ನೋಡದೆ ಇರುವಂತಿಲ್ಲ. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರದ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡ ಕುಸಿದು 1,134 ಜನ ಸತ್ತರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಕೆಳಗಿನ ಬ್ಯಾಂಕು ಬಾಗಿಲು ಹಾಕಿತು, ಮೇಲಿನ ಗಾರ್ಮೆಂಟ್ಸಿನವರನ್ನು ಮಾತ್ರ ಕೆಲಸಕ್ಕೆ ಕರೆದರು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ ಎಳೆಯ ಹೆಂಗಸರು, ನಮ್ಮ ತಂಗಿಯರ ಹೆಸರುಗಳನ್ನೇ ಇಟ್ಟುಕೊಂಡವರು. ದೂರದ ಮಾತೇಕೆ, ಬೆಂಗಳೂರಿನ ಗಾರ್ಮೆಂಟ್ಸುಗಳಲ್ಲಿ ನಮ್ಮ ಹೆಣ್ಣುಮಕ್ಕಳು ಹೊಲಿಯುವ ಅಂಗಿ ಯಾವುದೋ ದೇಶದ ಹುಡುಗನಿಗೆ ಕಡಲಾಚೆಯ ಅಂಗಿಯೇ. ಭವಿಷ್ಯನಿಧಿಯ ಹಣವನ್ನು 58 ವರ್ಷವಾಗುವವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಅವರು ಸಾವಿರ ಸಾವಿರವಾಗಿ ರಸ್ತೆಗಿಳಿದರು. ಕರೆ ಕೊಟ್ಟ ನಾಯಕರಿಲ್ಲ, ಬಾವುಟವಿಲ್ಲ. ಕೇಂದ್ರ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ಎರಡು ದಿನದ ಸುದ್ದಿಯಲ್ಲಿ ಸುಟ್ಟ ಬಸ್ಸುಗಳ ಚಿತ್ರ ದೊಡ್ಡದಾಗಿ ಬಂತು.

ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಉಡುಪಿನ ಮಾತು ಬರುವಲ್ಲಿ ಮೈ ಮುಚ್ಚುವುದನ್ನೂ ಅಲಂಕಾರವನ್ನೂ ಜೊತೆಗೇ ಹೇಳಿದೆ, ಭಯಭಕ್ತಿಯ ಉಡುಪನ್ನು ಅದರ ಮೇಲೆ ಇಟ್ಟಿದೆ. ಇಸ್ರಾಫಿನ ಮಾತೆತ್ತುವ ಹಿರಿಯರು ನಡುವಿನ ಆ ಅಲಂಕಾರವನ್ನು ಹಾರಿಸಿಬಿಡುತ್ತಾರೆ ಎಂದು ನಮಗೆ ಅನಿಸುತ್ತದೆ. ದರ್ಜಿಯಂಗಡಿಯಲ್ಲಿ ಈ ಮಾತನ್ನೇ ಹೇಳಿದಾಗ ದರ್ಜಿ ಒಪ್ಪಲಿಲ್ಲ. "ನಿಮಗೇನು, ಬರೆದು ಹೋಗುತ್ತೀರಿ. ಇದೇ ಅಂಗಿಯನ್ನು ನಾನು ಹೊಲಿದರೆ ಕೂಲಿಗೇ ಅವನ ದುಡ್ಡು ಸಾಲದು" ಎಂದರು. ಉತ್ತರ ನಮ್ಮ ಬಳಿ ಇರಲಿಲ್ಲ. ಮಗ್ರಿಬ್‌ನ ಬಾಂಗು ಆಯಿತು, ಒಂದೇ ಪೊಟ್ಟಣದ ಖರ್ಜೂರವನ್ನು ಇಬ್ಬರೂ ಹಂಚಿಕೊಂಡೆವು.

ಹುಡುಗನ ಹೂಡಿ ಈದ್‌ಗೆ ಬರಲಿಲ್ಲ. ಅದನ್ನು ತರಬೇಕಾದವರ ರಜೆ ಮುಂದೆ ಹೋಯಿತಂತೆ. ಹಬ್ಬದ ದಿನ ಅವನು ಹಳೆಯ ಕುರ್ತಾದಲ್ಲೇ ಈದ್‌ಗಾಹಿಗೆ ಬಂದಿದ್ದ. ಇಪ್ಪತ್ತು ದಿನದ ನಂತರ ಅಂಗಿ ಬಂತು. ಎದೆಯ ಅಳತೆ ಸರಿಯಾಗಿಯೇ ಇತ್ತು, ತೋಳು ಎರಡಿಂಚು ಉದ್ದವಾಗಿತ್ತು. ದರ್ಜಿ ಅದನ್ನು ಕತ್ತರಿಸಿ ಮಡಚಿ ಹೊಲಿದು ಮೂವತ್ತು ರೂಪಾಯಿ ತೆಗೆದುಕೊಂಡರು.